ಉಪ್ಪಿನೋಣಿಯ ಹನ್ನೆರಡು ಬಾಗಿಲು

ನಮ್ಮೂರಿನ ಬಾಗಿಲುಗಳ ಮೇಲೆ ಹಲಗೆ ಹೊಡೆಯುವವನು ನಾನು. ಈ ಕೆಲಸ ನಮ್ಮಪ್ಪನದಾಗಿತ್ತು, ಅವನಿಗಿಂತ ಮುಂಚೆ ಅವನ ಸೋದರಮಾವನದು. ನಮ್ಮಲ್ಲಿ ಪ್ರತಿ ಮನೆಯ ಬಾಗಿಲ ಮೇಲೂ ಒಂದು ಹಲಗೆ ಇರಬೇಕು, ಹಲಗೆಯ ಮೇಲೆ ಒಂದೇ ಒಂದು ಪದ ಇರಬೇಕು, ಒಳಗಿರುವವರು ಯಾರು ಅನ್ನುವುದನ್ನು ಆ ಪದ ಹೇಳಬೇಕು. ಪದ ನಿಜವಾಗಿದ್ದರೆ ಹಲಗೆ ನಿಲ್ಲುತ್ತದೆ. ಇಲ್ಲದಿದ್ದರೆ ಮಧ್ಯಾಹ್ನದ ಊಟದೊಳಗೆ ಬೀಳುತ್ತದೆ. ಎಷ್ಟು ಉದ್ದದ ಮೊಳೆ ಹೊಡೆದರೂ ಅಷ್ಟೆ. ಊರಿಗೆ ಹೊಸಬರು ಬಂದರೆ ನಾವು ಮೊದಲು ಹೇಳುವ ಮಾತು, ಬೀದಿಯ ನಡುವೆಯೇ ನಡೆಯಿರಿ ಅಂತ. ಕಸುಬು ಬಿಟ್ಟವರ ಹಲಗೆ, ಹೊಸದಾಗಿ ಮದುವೆಯಾದವರ ಹಲಗೆ ಬೀಳುವುದು ಮಾಮೂಲು. ನಮ್ಮ ವೈದ್ಯರ ಹಲಗೆ ಮೂರು ಸಲ ಬಿದ್ದಿದೆ. ಊರಿಗೆ ಇರುವವರು ಅವರೊಬ್ಬರೇ ಆದ್ದರಿಂದ ನಾವು ಅವರ ಹತ್ತಿರವೇ ಹೋಗುತ್ತೇವೆ.

ನಾನು ಹೇಳಬೇಕೆಂದಿರುವುದು ಜುರೇಮಕ್ಕನ ವಿಷಯ. ಮೂವತ್ತು ವರ್ಷದ ಹಿಂದೆ ಒಂದು ಹಡಗು ತಳ ಒಡೆದುಕೊಂಡು ನಮ್ಮ ಅಳಿವೆಯಲ್ಲಿ ಕೂತುಬಿಟ್ಟಿತು. ಅದರಲ್ಲಿದ್ದವರು ಬೇರೆ ಹಡಗು ಬರಲಿ ಎಂದು ಒಂದಷ್ಟು ದಿನ ಕಾದರು. ಬರಲಿಲ್ಲ. ಹಳೆಯ ಉಪ್ಪಿನ ಗೋದಾಮುಗಳಿದ್ದ ಓಣಿಯಲ್ಲಿ ಗೋಡೆ ಎಬ್ಬಿಸಿಕೊಂಡು ಹನ್ನೆರಡು ಮನೆಯಾದರು. ಜುರೇಮಕ್ಕ ಆ ಹಡಗಿನಲ್ಲಿ ಅಡುಗೆಯವಳಾಗಿದ್ದಳು. ಇಲ್ಲಿ ಓಣಿಯ ಬಾಯಲ್ಲೇ ಊಟದ ಮನೆ ಇಟ್ಟಳು. ಕರಿಕಾಳಿನ ಸಾರು, ಅನ್ನ, ಅದರ ಮೇಲೆ ಹುರಿದ ಮರಗೆಣಸಿನ ಹಿಟ್ಟು. ನಾನು ಹದಿನೆಂಟು ವರ್ಷದಿಂದ ಮಧ್ಯಾಹ್ನದ ಊಟ ಅಲ್ಲೇ ಮಾಡುತ್ತೇನೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಅರ್ಧ ನಾನು ಕಂಡದ್ದು, ಇನ್ನರ್ಧ ಅವಳು ಬಡಿಸುತ್ತಾ ಹೇಳಿದ್ದು.

ಊರಿನವರಿಗೆ ಓಣಿಯ ಜನರೆಲ್ಲ ಒಂದೇ ತರ ಕಾಣುತ್ತಿದ್ದರು. ಅವರವರೊಳಗೆ ಸ್ಪಾನಿಷ್ ಮಾತಾಡುತ್ತಿದ್ದರು, ನಮ್ಮ ಜೊತೆ ನಮ್ಮ ಮಾತು. ನಾವು ಹಡಗಿನವರು ಎಂದು ಕರೆದು ಸುಮ್ಮನಾಗಿದ್ದೆವು. ಆದರೆ ಅವರ ಬಾಗಿಲ ಮೇಲೆ ಇದ್ದದ್ದು ಬೇರೆ. ಬಟ್ಟೆ ಹೊಲಿಯುವ ಕ್ಲೊರಿಂದಮ್ಮನ ಮನೆ ಮೇಲೆ ‘ಚಿಲಿಯವರು’, ಅವರ ಎದುರು ಮನೆಯಲ್ಲಿ ‘ಪೆರುವಿನವರು’, ಚಪ್ಪಲಿ ಹೊಲಿಯುವ ಫೆರ್ಮೀನ್ ತಾತನಿಗೆ ‘ಸ್ಪೇನಿನವರು’, ನೇಯುವ ಕತರೀನಮ್ಮನಿಗೆ ‘ಗ್ವಾಟೆಮಾಲದವರು’, ಜುರೇಮಕ್ಕನಿಗೆ ‘ಬ್ರೆಜಿಲಿನವರು’. ಎಲ್ಲ ನಾನೇ ಹೊಡೆದದ್ದು. ಒಂದೂ ಬಿದ್ದಿರಲಿಲ್ಲ. ಕತರೀನಮ್ಮನದು ಮಾತ್ರ ಸ್ವಲ್ಪ ವಾಲಿತ್ತು. ಗೋಡೆಯೇ ಸೊಟ್ಟ ಎಂದುಕೊಂಡಿದ್ದೆ.

ತೊಂದರೆ ಇದ್ದದ್ದು ನೀರಿನದು. ಒಂದೇ ಪದ ಹತ್ತು ಬಾಗಿಲ ಮೇಲೆ ನಿಂತರೆ ಆ ಪದಕ್ಕೊಂದು ನಲ್ಲಿ ಎಂಬುದು ಕಚೇರಿಯ ನಿಯಮ. ನೇಕಾರರಿಗೆ ನಲ್ಲಿಯಿತ್ತು, ಗಾಣಿಗರಿಗೆ ಇತ್ತು, ಬೆಸ್ತರಿಗೆ ಎರಡಿದ್ದವು. ಉಪ್ಪಿನೋಣಿಯಲ್ಲಿ ಹನ್ನೆರಡು ಬಾಗಿಲಿಗೆ ಒಂಬತ್ತು ಪದ. ಹಾಗಾಗಿ ಮೂವತ್ತು ವರ್ಷವೂ ಅವರು ಒಂದೂವರೆ ಮೈಲಿ ನಡೆದು ಸಂತೆಬಾವಿಯಿಂದ ನೀರು ತಂದರು. ಜುರೇಮಕ್ಕ ಊಟದ ಮನೆಗೆಂದು ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತಿದ್ದಳು. ಅವಳ ಎಡ ಸೊಂಟ ಬಲಕ್ಕಿಂತ ಎತ್ತರವಾಗಿಬಿಟ್ಟಿತ್ತು.

ಹಲಗೆ ಕಚೇರಿಯ ಗುಮಾಸ್ತರು ಭುಜಂಗರಾಯರು ಒಳ್ಳೆಯವರು. ನಿಯಮ ಮೀರುವವರಲ್ಲ, ನಿಯಮದೊಳಗೇ ಏನಾದರೂ ದಾರಿ ಇದೆಯೇ ಎಂದು ಹುಡುಕುವವರು. ಒಂದು ಭಾನುವಾರ ಬೆಳಿಗ್ಗೆ ದಪ್ಪದೊಂದು ಪುಸ್ತಕ ಬಗಲಿಗಿಟ್ಟುಕೊಂಡು ಓಣಿಗೆ ಬಂದರು. ಫೆರ್ಮೀನ್ ತಾತನ ಅಂಗಡಿ ಮುಂದೆ ಎಲ್ಲರನ್ನೂ ಸೇರಿಸಿದರು. ಜುರೇಮಕ್ಕ ಮಾತ್ರ ಬರಲಿಲ್ಲ; ಭಾನುವಾರ ಅವಳಿಗೆ ಬಿಡುವಿಲ್ಲದ ದಿನ, ಒಳಗೆ ಎಣ್ಣೆ ಕಾದಿತ್ತು.

“ನಿಮಗೆಲ್ಲ ಸೇರಿ ಒಂದು ಪದ ಸಿಕ್ಕಿದೆ,” ಎಂದರು ರಾಯರು. “ಹಿಸ್ಪಾನಿಕ್. ಸ್ಪೇನಿನ ಕಡೆಯ ನೆಲಕ್ಕೆ ಹಳೇ ಕಾಲದಲ್ಲಿ ರೋಮಿನವರು ಹಿಸ್ಪಾನಿಯಾ ಅಂತಿದ್ರಂತೆ. ಅದರಿಂದ ಬಂದದ್ದು. ಸ್ಪಾನಿಷ್ ಮಾತಾಡೋರು, ಆ ಮಾತಿನ ನಾಡುಗಳಿಂದ ಬಂದೋರು, ಎಲ್ಲರಿಗೂ ಒಂದೇ ಹೆಸರು. ಅಮೆರಿಕದ ಸರ್ಕಾರದೋರು ಜನಗಣತಿ ಕಾಗದದಲ್ಲೇ ಅಚ್ಚು ಹಾಕಿಸಿದ್ದಾರೆ.”

“ಅಲ್ಲಿದ್ದೋರನ್ನ ಕೇಳಿ ಹಾಕಿಸಿದ್ರಾ?” ಎಂದಳು ಕ್ಲೊರಿಂದಮ್ಮ. ಅವಳ ಕತ್ತಿನಲ್ಲಿ ಯಾವಾಗಲೂ ಅಳತೆ ಪಟ್ಟಿ ಇರುತ್ತದೆ, ಮಾತಾಡುವಾಗ ಅದರ ಎರಡು ತುದಿಯನ್ನೂ ಹಿಡಿದುಕೊಳ್ಳುತ್ತಾಳೆ.

“ಕೆಲವರನ್ನ ಕೇಳಿದ್ರಂತೆ. ಬಿಡಿಬಿಡಿಯಾಗಿದ್ರೆ ಯಾರೂ ಎಣಿಸಲ್ಲ, ಒಂದು ಹೆಸರು ಬೇಕು ಅಂತ ಅವರಲ್ಲೇ ಒಂದಷ್ಟು ಜನ ಹಟ ಹಿಡಿದಿದ್ರಂತೆ.”

“ನಲ್ಲಿ ಕೊಟ್ರಾ?”

“ಅದು ಪುಸ್ತಕದಲ್ಲಿಲ್ಲ.”

ಆಮೇಲೆ ರಾಯರು ಫೆರ್ಮೀನ್ ತಾತನ ಕಡೆ ತಿರುಗಿದರು. ತಾತನಿಗೆ ಆಗ ಎಪ್ಪತ್ತೆಂಟು. ಓಣಿಗೆಲ್ಲ ಹಿರಿಯ. “ತಾತ, ಪದ ನಿಮ್ಮ ಊರ ಕಡೇದು. ಹನ್ನೆರಡು ಮನೆಗೂ ಹಿಡಿಯುತ್ತಾ?”

ತಾತನ ಹಲ್ಲಿನಲ್ಲಿ ಮೇಣ ಸವರಿದ ದಾರವಿತ್ತು. ಅದನ್ನು ತೆಗೆದು, ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. “ಹಿಡಿಯಬಹುದು,” ಎಂದ.

ಸೋಮವಾರ ಬೆಳಿಗ್ಗೆ ಹನ್ನೆರಡೂ ಹಲಗೆ ಹೊಡೆದೆ. ಬಿಸಿಲು ಏರುವ ಹೊತ್ತಿಗೆ ಜುರೇಮಕ್ಕನದು ಬಿತ್ತು. ಊಟಕ್ಕೆ ಕೂತಿದ್ದ ಇಬ್ಬರು ಬೆಸ್ತರು ತಿರುಗಿ ನೋಡಿ ಮತ್ತೆ ಉಣ್ಣತೊಡಗಿದರು. ಕತರೀನಮ್ಮನ ಹಲಗೆ ಬೀಳಲೂ ಇಲ್ಲ, ನಿಲ್ಲಲೂ ಇಲ್ಲ. ಒಂದು ಮೊಳೆ ಕಳಚಿಕೊಂಡು ಇನ್ನೊಂದರಲ್ಲಿ ನೇತಾಡುತ್ತಿತ್ತು. ಇಷ್ಟು ವರ್ಷದಲ್ಲಿ ಅಂಥದ್ದು ನಾನು ಕಂಡಿರಲಿಲ್ಲ. ಉಳಿದ ಹತ್ತು ನಿಂತವು. ಹತ್ತು ಸಾಕು. ನಲ್ಲಿ ಮಂಜೂರಾಯಿತು.

ಜುರೇಮಕ್ಕ ಹಲಗೆಯನ್ನು ಎತ್ತಿ ನನ್ನ ಕೈಗೆ ಕೊಟ್ಟು, “ಸರಿಯಾಗಿ ಹೊಡಿ ಮೋನಪ್ಪ,” ಎಂದಳು. ಹೊಡೆದೆ. ಬಿತ್ತು. ಮಾರನೆಯ ದಿನ ಇನ್ನೂ ಉದ್ದದ ಮೊಳೆ ತಂದು ಹೊಡೆದೆ. ಮತ್ತೆ ಬಿತ್ತು, ಈ ಸಲ ಎರಡು ಹೋಳಾಗಿ.

“ಮೂವತ್ತು ವರ್ಷದಿಂದ ಅವರ ಮಾತಲ್ಲೇ ಜಗಳ ಆಡಿದ್ದೀನಿ,” ಎಂದಳು. “ನಮ್ಮ ಮನೆಯವರು ತೀರಿಕೊಂಡಾಗ ಅವರ ಮಾತಲ್ಲೇ ಅತ್ತಿದ್ದೀನಿ. ಇನ್ನೇನು ಬೇಕಂತೆ ಈ ಹಲಗೆಗೆ?”

ನಿಮ್ಮ ಊರ ಮಾತೇ ಬೇರೆ ಇರಬೇಕಲ್ಲ ಅಕ್ಕ, ಎಂದೆ ನಾನು. ಬ್ರೆಜಿಲಿನವರ ಮಾತು ಪೋರ್ಚುಗೀಸ್, ಅಂಥದೊಂದು ಮಾತಿದೆ ಎಂದು ನನಗೆ ತಿಳಿದದ್ದೇ ಆ ದಿನ, ಅವಳಿಂದಲೇ. ಅವಳು ಹೋಳುಗಳನ್ನು ಒಲೆಗೆ ಹಾಕಿದಳು. ಒಣ ಹಲಗೆ, ಚೆನ್ನಾಗಿ ಉರಿಯಿತು.

ನಲ್ಲಿಗೆ ಒಬ್ಬ ನೀರಗಂಟಿ ಬಂದ. ಬೆಳಿಗ್ಗೆ ಬೀಗ ತೆಗೆದು, ಬಾಗಿಲಿಗೆ ಆರು ಕೊಡದಂತೆ ಬಿಡುತ್ತಿದ್ದ. ಆ ಪದದ ಹಲಗೆ ಇಲ್ಲದ ಬಾಗಿಲಿಗೆ ಇಲ್ಲ. ಕತರೀನಮ್ಮನ ವಿಷಯದಲ್ಲಿ ಅವನಿಗೆ ಗೊಂದಲವಾಯಿತು. ರಾಯರು ಎರಡು ದಿನ ಯೋಚಿಸಿ, ಒಂದು ಮೊಳೆಯ ಹಲಗೆ ಅರ್ಧ ಹಲಗೆ, ಆದ್ದರಿಂದ ದಿನ ಬಿಟ್ಟು ದಿನ ನೀರು ಎಂದು ಬರೆದುಕೊಟ್ಟರು. ಅವಳಿಗೆ ಸೋಮವಾರ ನೀರು, ಮಂಗಳವಾರ ಇಲ್ಲ. ಅವಳು ಹೋಗಿ ಮಗ್ಗದ ಮುಂದೆ ಕೂತಳು.

ಜುರೇಮಕ್ಕ ಮತ್ತೆ ಸಂತೆಬಾವಿಗೆ ನಡೆದಳು. ಮೊದಲು ಹನ್ನೆರಡು ಮನೆಯವರು ಮಾತಾಡಿಕೊಂಡು ಹೋಗುತ್ತಿದ್ದ ದಾರಿ, ಈಗ ಒಬ್ಬಳೇ. ಹಿಂದೆ ಯಾರ ಕೊಡ ಯಾರು ಎತ್ತಿಕೊಟ್ಟರು ಎಂಬ ನೆನಪು ಯಾರಿಗೂ ಇರಲಿಲ್ಲ, ಏಕೆಂದರೆ ಎಲ್ಲರೂ ಎಲ್ಲರಿಗೂ ಎತ್ತಿಕೊಟ್ಟಿದ್ದರು. ಈಗ ತಲೆಯ ಮೇಲೆ ತಾನೇ ಕೊಡ ಏರಿಸಿಕೊಳ್ಳುವುದನ್ನು ಅವಳು ಕಲಿಯಬೇಕಾಯಿತು. ಕ್ಲೊರಿಂದಮ್ಮ ಎದುರಾದರೆ, “ಪಾಪ, ಏನು ಮಾಡೋದು, ಹಲಗೆ ಸುಳ್ಳು ಹೇಳಲ್ವಲ್ಲ,” ಎನ್ನುತ್ತಿದ್ದಳು. ಓಣಿಯಲ್ಲಿ ಒಬ್ಬ ಫೆರ್ಮೀನ್ ತಾತ ಮಾತ್ರ ದಿನಾ ಬೆಳಿಗ್ಗೆ ತನ್ನ ಪಾಲಿನ ಆರು ಕೊಡದಲ್ಲಿ ಎರಡನ್ನು ಅವಳ ಹಿತ್ತಿಲ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ಕೂಗುತ್ತಿರಲಿಲ್ಲ, ನಿಲ್ಲುತ್ತಿರಲಿಲ್ಲ. ಅವಳು ಮೊದಮೊದಲು ಬೇಡವೆಂದಳು. ಆಮೇಲೆ ಖಾಲಿ ಕೊಡದಲ್ಲಿ ಎರಡು ಕರಿದ ಉಂಡೆ ಇಟ್ಟು ವಾಪಸ್ಸು ಕಳಿಸತೊಡಗಿದಳು.

ಹೀಗೆ ವರ್ಷ ತುಂಬುವ ಹೊತ್ತಿಗೆ ಅವಳು ಒಂದು ದಿನ ಸೀರೆ ಬದಲಿಸಿಕೊಂಡು ಹಲಗೆ ಕಚೇರಿಗೆ ಬಂದಳು. ನಮ್ಮೂರಲ್ಲಿ ಅವಳೂ ಸೀರೆಯೇ ಉಡುವುದು, ಕಟ್ಟುವ ರೀತಿ ಮಾತ್ರ ಬೇರೆ. ನಾನು ಮೂಲೆಯಲ್ಲಿ ಕೂತು ಹಳೇ ಮೊಳೆಗಳನ್ನು ನೆಟ್ಟಗೆ ಮಾಡುತ್ತಿದ್ದೆ.

“ರಾಯರೇ, ಆ ಪುಸ್ತಕದಲ್ಲಿ ನನಗೆ ಹಿಡಿಯೋ ಪದ ಇಲ್ವಾ?”

ರಾಯರು ಕನ್ನಡಕ ಹಾಕಿಕೊಂಡು ಹಾಳೆ ತಿರುವಿದರು. “ಇದೆ ಕಣಮ್ಮ. ಲ್ಯಾಟಿನೋ. ಆ ಅಮೆರಿಕದಲ್ಲೇ ಮೊದಲಿನ ಹೆಸರು ಸರಿಬರದೋರು ಇದನ್ನ ಹಿಡಿದುಕೊಂಡ್ರಂತೆ. ಲ್ಯಾಟಿನ್ ಅಮೆರಿಕದೋರು ಅನ್ನೋದನ್ನ ಮೊಟಕು ಮಾಡಿದ್ದು. ಇದು ಮಾತಿನ ಮೇಲೆ ಹೋಗಲ್ಲ, ನೆಲದ ಮೇಲೆ ಹೋಗುತ್ತೆ. ಬ್ರೆಜಿಲ್ ಸೇರುತ್ತೆ.” ಅವರು ಬೆರಳನ್ನು ಒಂದು ಸಾಲು ಕೆಳಗಿಳಿಸಿದರು. “ಸ್ಪೇನ್ ಸೇರೋದಿಲ್ಲ.”

ಜುರೇಮಕ್ಕ ಸೆರಗು ಸರಿಮಾಡಿಕೊಂಡಳು.

“ಸ್ಪೇನ್ ಸೇರೋದಿಲ್ಲ,” ಎಂದು ರಾಯರು ಕನ್ನಡಕದ ಮೇಲಿಂದ ನೋಡುತ್ತಾ ಇನ್ನೊಮ್ಮೆ ಹೇಳಿದರು. “ಗೊತ್ತಾಯ್ತಲ್ಲ?”

“ಗೊತ್ತಾಯ್ತು. ಅರ್ಜಿ ಎಲ್ಲಿ ಬರೀಬೇಕು?”

ಓಣಿಯಲ್ಲಿ ಒಪ್ಪಿಗೆ ಸಿಗುವುದು ಕಷ್ಟವಾಗಲಿಲ್ಲ. ಕ್ಲೊರಿಂದಮ್ಮನಿಗೆ ಈ ಪದ ಕೇಳಿದ ಕೂಡಲೇ ಹಿಡಿಸಿತು. “ಅದು ಕಚೇರಿಯೋರು ಇಟ್ಟ ಹೆಸರು. ಇದು ನಮ್ಮೋರೇ ಇಟ್ಟುಕೊಂಡಿದ್ದು. ಸ್ಪೇನಿನೋರ ಬಾಲ ಹಿಡ್ಕೊಂಡು ನಾವ್ಯಾಕೆ ಇರಬೇಕು?” ಎಂದಳು. ಪೆರುವಿನವರೂ ತಲೆಯಾಡಿಸಿದರು. ಕತರೀನಮ್ಮ ಮಗ್ಗದಿಂದ ಕೈ ತೆಗೆಯದೆ ಕೇಳಿದಳು.

“ಲ್ಯಾಟಿನ್ ಅಂದ್ರೆ ಯಾರ ಮಾತು?”

“ಹಳೇ ರೋಮಿನೋರದು,” ಎಂದಳು ಕ್ಲೊರಿಂದಮ್ಮ. “ಸ್ಪಾನಿಷು, ಪೋರ್ಚುಗೀಸು ಎಲ್ಲ ಅದರ ಮಕ್ಕಳು.”

“ಈಗ ಯಾರು ಮಾತಾಡ್ತಾರೆ ಅದನ್ನ?”

“ಯಾರೂ ಇಲ್ಲ. ಪಾದ್ರಿಗಳು ಸ್ವಲ್ಪ.”

“ಸರಿ,” ಎಂದು ಕತರೀನಮ್ಮ ಲಾಳಿ ಎಸೆದಳು.

ಹೊಸ ಹಲಗೆ ಹೊಡೆದ ದಿನ ಜುರೇಮಕ್ಕ ಒಲೆ ಹಚ್ಚಲಿಲ್ಲ. ಬಾಗಿಲೆದುರು ಮಣೆ ಹಾಕಿಕೊಂಡು ತಲೆಯೆತ್ತಿ ಕೂತಿದ್ದಳು. ಮಧ್ಯಾಹ್ನವಾಯಿತು. ಹಲಗೆ ನಿಂತಿತ್ತು. ಅವಳು ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು. ಅದೇ ಹೊತ್ತಿಗೆ ಓಣಿಯ ಆ ಕಡೆಯಿಂದ ಮರ ನೆಲಕ್ಕೆ ಬಿದ್ದ ಸದ್ದು ಬಂತು. ಅವಳು ಆ ಕಡೆ ನೋಡಲಿಲ್ಲ. ಒಳಗೆ ಹೋಗಿ ಕೊಡ ತಗೊಂಡು ನಲ್ಲಿಗೆ ಹೋದಳು.

ಫೆರ್ಮೀನ್ ತಾತ ಬಿದ್ದ ಹಲಗೆಯನ್ನು ಎತ್ತಿ, ತಟ್ಟಿ ನೋಡಿ, “ಒಳ್ಳೆ ಮರ,” ಎಂದು ನನಗೆ ಹೇಳಿ ತನ್ನ ಕುಳಿತುಕೊಳ್ಳುವ ಪೀಠದ ಕೆಳಗೆ ಇಟ್ಟುಕೊಂಡ. ಕತರೀನಮ್ಮನದು ಈ ಸಲವೂ ಒಂದೇ ಮೊಳೆಯಲ್ಲಿ ನೇತಾಡಿತು. “ಆ ಹೆಸರು ಹೋಯ್ತು, ಈ ಹೆಸರು ಬಂತು,” ಎಂದಳು, “ನನಗೆ ಮಂಗಳವಾರ ನೀರಿಲ್ಲ.”

ನಿಂತದ್ದು ಮತ್ತೆ ಹತ್ತು. ನಲ್ಲಿ ಉಳಿಯಿತು. ಮಾರನೆಯ ದಿನ ತಾತ ಅಭ್ಯಾಸಬಲದಿಂದ ಕೊಡ ಹಿಡಿದು ಸಾಲಿನಲ್ಲಿ ನಿಂತಾಗ ನೀರಗಂಟಿ ತಲೆ ಅಲ್ಲಾಡಿಸಿದ. ಒಂದು ವರ್ಷ ಜೊತೆಗೆ ನಿಂತವರು ಯಾರಾದರೂ ಏನಾದರೂ ಹೇಳುತ್ತಾರೆ ಎಂದು ನಾನು ಕಾದೆ. ಹೇಳಿದವಳು ಕ್ಲೊರಿಂದಮ್ಮ.

“ನಮ್ಮ ನಾಡನ್ನ ಆಳಿದ ಅವರಜ್ಜಂದಿರು ನಮ್ಮಜ್ಜಂದಿರ ನೀರನ್ನ ಮುನ್ನೂರು ವರ್ಷ ಕುಡಿದಿದ್ದಾರೆ. ಸಾಕು.”

“ನಮ್ಮಜ್ಜ ಆಡು ಮೇಯಿಸ್ತಿದ್ದ ಕಣಮ್ಮ,” ಎಂದ ತಾತ. “ಅವನು ಸಮುದ್ರಾನೇ ನೋಡಿರಲಿಲ್ಲ.” ಕೊಡ ಬಗಲಿಗಿಟ್ಟುಕೊಂಡು ಹೊರಟ.

ಜುರೇಮಕ್ಕ ಸಾಲಿನಲ್ಲಿ ಮೂರನೆಯವಳಾಗಿದ್ದಳು. ತನ್ನ ಆರು ಕೊಡ ಹಿಡಿದುಕೊಂಡಳು, ಎರಡನ್ನು ತಾತನ ಹಿತ್ತಿಲಿಗೆ ಒಯ್ದಿಟ್ಟಳು. ಮಾರನೆಯ ದಿನವೂ, ಅದರ ಮಾರನೆಯ ದಿನವೂ. ತಾತ ಕುಡಿಯಲು, ಅಡುಗೆಗೆ ಆ ನೀರು ಬಳಸುತ್ತಿದ್ದ. ಆದರೆ ಚರ್ಮ ನೆನೆಹಾಕಲು ಇನ್ನೂ ಎರಡು ಕೊಡ ಬೇಕು. ಇನ್ನಷ್ಟು ತರಲಾ ಎಂದು ಜುರೇಮಕ್ಕ ಕೇಳಿದರೆ, “ನಿನ್ನ ಒಲೆಗೆ ಬೇಡವಾ, ಹೋಗು,” ಎಂದು ತಾನೇ ಸಂತೆಬಾವಿಗೆ ಹೋಗುತ್ತಿದ್ದ. ಎಪ್ಪತ್ತೊಂಬತ್ತು ವರ್ಷದ ಮನುಷ್ಯ. ಆರನೆಯ ವಾರದಲ್ಲಿ ಬಾವಿಯ ಮೆಟ್ಟಿಲ ಪಾಚಿಯಲ್ಲಿ ಕಾಲು ಜಾರಿತು. ಕೊಡಕ್ಕೆ ಏನೂ ಆಗಲಿಲ್ಲ. ತಾತನ ಬಲ ಮಣಿಕಟ್ಟು ಮುರಿಯಿತು.

ವೈದ್ಯರು ಪಟ್ಟಿ ಕಟ್ಟಿ ಹೋದ ಮೇಲೆ ಜುರೇಮಕ್ಕ ಅವನಿಗೆ ಗಂಜಿ ಕುಡಿಸಲು ಹೋದಳು. ಚಪ್ಪಲಿ ಹೊಲಿಯುವವನಿಗೆ ಬಲಗೈ ಅಂದರೆ ಏನು ಅನ್ನುವುದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೂಡಿನಲ್ಲಿ ಅರ್ಧ ಹೊಲಿದ ಏಳೆಂಟು ಜೋಡಿ ಇದ್ದವು. ಅದರಲ್ಲೊಂದು ಜೋಡಿ ಅವಳದೇ. ಅವಳು ಗಂಜಿ ಕುಡಿಸಿ, ಬಟ್ಟಲು ತೊಳೆದಿಟ್ಟು, ನೇರ ನನ್ನ ಮನೆಗೆ ಬಂದಳು.

“ಮೋನಪ್ಪ, ನಮ್ಮ ಹಲಗೆ ಕಿತ್ತುಬಿಡು.”

“ಅದು ನಿಂತಿದೆಯಲ್ಲಕ್ಕ.”

“ನಿಂತಿರೋದನ್ನೇ ಕೀಳು ಅಂತಿರೋದು.”

ಬದಲಿಗೆ ಹೊಸ ಹಲಗೆ ಬಂದರೆ ಹಳೆಯದು ತಾನಾಗಿ ಸಡಿಲವಾಗುತ್ತದೆ; ಬದಲಿ ಇಲ್ಲದೆ ನಿಜವಾದ ಹಲಗೆಯನ್ನು ನಾನು ಯಾವತ್ತೂ ಕಿತ್ತಿರಲಿಲ್ಲ. ಸುತ್ತಿಗೆಯ ಹಿಂಬದಿಗೆ ಅದು ಬರಲಿಲ್ಲ. ಹಾರೆ ತರಿಸಿದೆ. ಗೋಡೆಯ ಗಾರೆ ಉದುರಿತು, ಹೊಸ್ತಿಲ ಮೇಲೆಲ್ಲ ಪುಡಿ ಬಿತ್ತು. ಅರ್ಧ ಹೊತ್ತು ಹಿಡಿಯಿತು. ಸದ್ದಿಗೆ ಓಣಿಯೆಲ್ಲ ಬಂದು ನಿಂತಿತು. ಹಲಗೆ ಕೈಗೆ ಬಂದಾಗ ಕ್ಲೊರಿಂದಮ್ಮನಿಗೆ ಲೆಕ್ಕ ಹೊಳೆಯಿತು.

“ಒಂಬತ್ತಾಯ್ತಲ್ಲೇ! ನಲ್ಲಿ ಹೋಗುತ್ತೆ!”

“ಹೋಗಲಿ,” ಎಂದಳು ಜುರೇಮಕ್ಕ.

“ನಿನಗೆ ಬೇಕು ಅಂದಾಗ ಪದ ಬೇಕು, ಬೇಡ ಅಂದಾಗ ಬೇಡ. ನಮ್ಮನೇಲಿ ಮೊಮ್ಮಗು ಇದೆ ಕಣೇ. ಬಟ್ಟೆ ಒಗೆಯೋದು ಯಾವುದರಲ್ಲಿ?”

“ನಾನು ಒಂದು ವರ್ಷ ಹೊತ್ತೆ. ತಾತ ಒಂದೂವರೆ ತಿಂಗಳು ಹೊತ್ತು ಕೈ ಮುರಕೊಂಡ. ಈಗ ಎಲ್ಲರೂ ಸೇರಿ ಹೊರೋಣ. ನಾನು ನಿನ್ನ ಕೊಡಾನೂ ಎತ್ತಿಕೊಡ್ತೀನಿ.”

“ಯಾರಿಗೆ ಬೇಕು ನೀನು ಎತ್ತಿಕೊಡೋದು!”

ಮಾರನೆಯ ದಿನ ನೀರಗಂಟಿ ಬಂದು ಎಣಿಸಿ, ಬೀಗ ಹಾಕಿ, ಬೀಗಕ್ಕೆ ಮುದ್ರೆ ಒತ್ತಿ ಹೋದ. ಮೂರು ದಿನ ಓಣಿಯಲ್ಲಿ ಯಾರೂ ಜುರೇಮಕ್ಕನ ಜೊತೆ ಮಾತಾಡಲಿಲ್ಲ. ಅವಳ ಊಟದ ಮನೆಗೆ ಓಣಿಯವರು ಬರುವುದು ನಿಂತಿತು. ಅವಳು ಎಂದಿನಷ್ಟೇ ಅಡುಗೆ ಮಾಡಿದಳು, ಉಳಿದದ್ದನ್ನು ತಾತನಿಗೂ ಕತರೀನಮ್ಮನಿಗೂ ಕೊಟ್ಟಳು. ನನಗೂ ಎರಡೆರಡು ಸಲ ಬಡಿಸಿದಳು. ನಾಲ್ಕನೆಯ ದಿನ ಭುಜಂಗರಾಯರು ಪುಸ್ತಕವಿಲ್ಲದೆ ಬಂದರು.

“ಎಲ್ಲರಿಗೂ ಹಿಡಿಯೋ ಪದ ನೀವೇ ಹೇಳಿ,” ಎಂದರು. “ನಾನು ಬರೆಸ್ತೀನಿ, ಮೋನಪ್ಪ ಹೊಡೀತಾನೆ.”

ಆ ವಾರ ನಾನು ಹೊಡೆದಷ್ಟು ಮೊಳೆ ಇಡೀ ವರ್ಷದಲ್ಲಿ ಹೊಡೆದಿರಲಿಲ್ಲ. ‘ವಲಸಿಗರು’ ಎಂದು ಹಾಕಿದೆವು. ಈಗ ಯಜಮಾನಿಕೆ ಮಾಡುತ್ತಿದ್ದ ಮಕ್ಕಳು ಹುಟ್ಟಿದ್ದೆಲ್ಲ ಇಲ್ಲೇ ಆದ್ದರಿಂದ ನಾಲ್ಕು ಮನೆಯಲ್ಲಿ ಬಿತ್ತು. ‘ಕ್ಯಾಥೊಲಿಕರು’ ಎಂದು ಹಾಕಿದೆವು. ಮೂರು ಮನೆಯಲ್ಲಿ ಬಿತ್ತು. ಅದರಲ್ಲಿ ಕ್ಲೊರಿಂದಮ್ಮನದೂ ಒಂದು. ಮೂವತ್ತು ವರ್ಷದಿಂದ ಮಾತೆಯ ವಿಗ್ರಹಕ್ಕೆ ಬಟ್ಟೆ ಹೊಲಿದುಕೊಡುತ್ತಿದ್ದವಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡವಳು ಸಂಜೆಯವರೆಗೂ ಬರಲಿಲ್ಲ. ಪೆರುವಿನವರು ‘ಒಗ್ಗಟ್ಟಿನವರು’ ಎಂದು ಹಾಕಿ ನೋಡೋಣ ಎಂದರು. ಅದು ಹನ್ನೆರಡು ಮನೆಯಲ್ಲೂ ಬಿತ್ತು. ನಾನು ಕೊನೆಯ ಮನೆಗೆ ಹೊಡೆಯುತ್ತಿದ್ದಾಗಲೇ ಮೊದಲ ಮನೆಯದು ಬಿದ್ದಿತ್ತು.

ಆಗ ಕತರೀನಮ್ಮ ಮಗ್ಗ ಬಿಟ್ಟೆದ್ದು ಬಂದಳು. ಅವಳು ಬೀದಿಯಲ್ಲಿ ನಿಂತು ಮಾತಾಡಿದ್ದು ಅದೇ ಮೊದಲು ಇರಬೇಕು.

“ರಾಯರೇ, ಈ ಒಂದು ಮೊಳೆ ಯಾಕೆ ಕಳಚುತ್ತೆ ಅಂತ ನೀವು ಯಾರೂ ಕೇಳಲಿಲ್ಲ. ನಾನು ಹುಟ್ಟಿದ್ದು ಕಿಚೆ ಮಾತಲ್ಲಿ. ಸ್ಪಾನಿಷ್ ಕಲಿತದ್ದು ಹನ್ನೆರಡನೇ ವಯಸ್ಸಲ್ಲಿ, ಕಾಫಿ ತೋಟದಲ್ಲಿ, ಬೈಗುಳ ಅರ್ಥ ಮಾಡಿಕೊಳ್ಳೋಕೆ. ಸ್ಪೇನಿನೋರು ಬರೋಕೆ ಮುಂಚೆ ನಾವು ಅಲ್ಲಿದ್ವಿ, ಲ್ಯಾಟಿನು ಬರೋಕೆ ಮುಂಚೆನೂ ಇದ್ವಿ. ಗ್ವಾಟೆಮಾಲಾ ಅನ್ನೋಕೆ ಮುಂಚೆನೂ.”

ರಾಯರಿಗೆ ನಾಚಿಕೆಯಾಯಿತು. ಅಲ್ಲೇ ಒಂದು ಹಲಗೆಯ ಮೇಲೆ ‘ಕಿಚೆ’ ಎಂದು ತಾವೇ ಬರೆದು ಕೊಟ್ಟರು. ನಾನು ಒಂದು ಮೊಳೆ ಅರ್ಧ ಹೊಡೆಯುವಷ್ಟರಲ್ಲೇ ಹಲಗೆ ಗೋಡೆಗೆ ಅಂಟಿಕೊಂಡಿತು. ಎರಡನೆಯ ಮೊಳೆ ಬೇಕಾಗಲಿಲ್ಲ. ಎಲ್ಲರೂ ಸ್ವಲ್ಪ ಹೊತ್ತು ಅದನ್ನೇ ನೋಡಿದರು.

“ಆದರೆ ಇದು ಒಂದೇ ಬಾಗಿಲು,” ಎಂದರು ರಾಯರು, ಮೆಲ್ಲಗೆ.

“ಗೊತ್ತು. ಅದಕ್ಕೇ ಕೇಳ್ತಿದ್ದೀನಿ. ಯಾವ ಪದಕ್ಕೂ ಸೇರದೋರನ್ನ ನೀವು ಕಚೇರಿ ಪುಸ್ತಕದಲ್ಲಿ ಎಲ್ಲಿ ಬರೀತೀರಿ?”

“ಕೊನೇ ಕಲಮಿನಲ್ಲಿ. ಇತರೆ ಅಂತ.”

“ಆ ಪದಕ್ಕೆ ಹಲಗೆ ಹಾಕಬಾರದು ಅಂತ ನಿಯಮ ಇದೆಯಾ?”

ರಾಯರು ಕಚೇರಿಗೆ ಹೋಗಿ ನಿಯಮ ಓದಿ ಬಂದರು. ಇರಲಿಲ್ಲ. ಯಾರೂ ಕೇಳಿಕೊಂಡು ಬಂದಿರಲಿಲ್ಲ, ಅಷ್ಟೆ.

‘ಇತರ’ ಎಂದು ಬರೆಯಬೇಕೋ ‘ಇತರೆ’ ಎಂದೋ ಎಂದು ಕಚೇರಿಯಲ್ಲಿ ಒಂದು ಮಧ್ಯಾಹ್ನ ಚರ್ಚೆಯಾಯಿತು. ಕಡತದಲ್ಲಿ ಇದ್ದಂತೆ ‘ಇತರೆ’ ಎಂದೇ ಬರೆಸಿದರು. ಹನ್ನೆರಡೂ ನಿಂತವು. ಕತರೀನಮ್ಮನದು ಎರಡೂ ಮೊಳೆಯ ಮೇಲೆ, ವಾಲದೆ. ನೀರಗಂಟಿ ಮುದ್ರೆ ಒಡೆದ.

“ಇದೂ ಒಂದು ಹೆಸರಾ?” ಎಂದಳು ಕ್ಲೊರಿಂದಮ್ಮ. ಅವಳ ದನಿ ಇಳಿದಿತ್ತು. “ಉಳಿದೋರು ಅಂತ ತಾನೇ ಅರ್ಥ?”

“ಹೆಸರಲ್ಲ,” ಎಂದಳು ಜುರೇಮಕ್ಕ. “ನೀರು. ಕೊಡ ತಗೊಂಡು ಬಾ.”

ಹೆಸರನ್ನು ಅವರು ಒಳಗಿಟ್ಟುಕೊಂಡರು. ನಿಯಮ ಇರುವುದು ಬೀದಿಯ ಬಾಗಿಲಿಗೆ ಮಾತ್ರ. ಒಳಗಿನ ಗೋಡೆಗೆ ಇಲ್ಲ. ಕತರೀನಮ್ಮ ಕಿಚೆ ಹಲಗೆಯನ್ನು ಮಗ್ಗದ ಮೇಲೆ ಹೊಡೆಸಿದಳು. ಕ್ಲೊರಿಂದಮ್ಮ ತನ್ನ ಲ್ಯಾಟಿನೋ ಹಲಗೆಯನ್ನು ಹೊಲಿಗೆ ಯಂತ್ರದ ಎದುರು ಹಾಕಿಸಿದಳು, ಅದರ ಪಕ್ಕ ಹಳೆಯ ಚಿಲಿಯದನ್ನೂ. ಎರಡೂ ನಿಂತಿವೆ. ಪೆರುವಿನವರಿಗೆ ಹಿಸ್ಪಾನಿಕ್ ಪದವೇ ಅಭ್ಯಾಸವಾಗಿತ್ತು, ಅದನ್ನು ಅಡುಗೆಮನೆಯಲ್ಲಿ ಇಟ್ಟುಕೊಂಡರು. ತಿಂಗಳೊಳಗೆ ಊರಿನ ಬೇರೆ ಬೇರೆ ಕಡೆಯವರು, ಎಲ್ಲೂ ಹತ್ತು ಬಾಗಿಲು ತುಂಬದೆ ಬಾವಿಗೆ ನಡೆಯುತ್ತಿದ್ದವರು, ನನ್ನನ್ನು ಕರೆಸಿ ‘ಇತರೆ’ ಹೊಡೆಸಿಕೊಂಡು ಉಪ್ಪಿನೋಣಿಯ ನಲ್ಲಿಗೆ ಬರತೊಡಗಿದರು. ಗೊಂಬೆ ಆಡಿಸುವವರು ಬಂದರು, ಜೇನು ಇಳಿಸುವ ಒಂದು ಸಂಸಾರ ಬಂತು, ಗಂಡಂದಿರನ್ನು ಬಿಟ್ಟ ಇಬ್ಬರು ಅಕ್ಕತಂಗಿಯರು ಬಂದರು. ಸಾಲು ಓಣಿ ದಾಟಿ ಬೀದಿಗೆ ಬಂತು. ಕ್ಲೊರಿಂದಮ್ಮ ಒಂದು ದಿನ ಬಾಯಿ ತೆರೆದು, “ಇವರೆಲ್ಲ ಎಲ್ಲಿಯ—” ಎಂದವಳು, ತನ್ನ ಬಾಗಿಲ ಕಡೆ ನೋಡಿ, ಅಳತೆ ಪಟ್ಟಿಯ ತುದಿಗಳನ್ನು ಬಿಟ್ಟಳು. ಕಚೇರಿಯವರು ಎರಡನೆಯ ನಲ್ಲಿ ಹಾಕಿಸಬೇಕಾಯಿತು.

ಫೆರ್ಮೀನ್ ತಾತನ ಮಣಿಕಟ್ಟು ಕೂಡಿತು, ಸೊಟ್ಟಗೆ. ಉಳಿ ಒತ್ತಲು ಆಗುತ್ತಿರಲಿಲ್ಲ. ಅರ್ಧ ಹೊಲಿದಿದ್ದ ಜೋಡಿಗಳನ್ನು ಬೇರೆಯವನಿಗೆ ಕೊಟ್ಟು ಅಂಗಡಿ ಮುಚ್ಚಿದ. ಮಧ್ಯಾಹ್ನದ ಹೊತ್ತು ಜುರೇಮಕ್ಕನ ಅಡುಗೆಮನೆಗೆ ಬಂದು ಎಡಗೈಯಲ್ಲಿ ಕಾಳು ಆರಿಸಿಕೊಡುತ್ತಾ ಕೂರುವುದು ಅವನ ದಿನಚರಿಯಾಯಿತು. ಅಂಥ ಒಂದು ಮಧ್ಯಾಹ್ನ, ಗಿರಾಕಿಗಳೆಲ್ಲ ಹೋಗಿ ನಾನೊಬ್ಬನೇ ಉಣ್ಣುತ್ತಿದ್ದೆ. ಜುರೇಮಕ್ಕ ಒಲೆಗೆ ಬೆನ್ನು ಹಾಕಿ ನಿಂತು, ತಮ್ಮ ಮಾತಿನಲ್ಲಲ್ಲ, ನಮ್ಮ ಮಾತಿನಲ್ಲಿ ಹೇಳಿದಳು. ನನಗೂ ಕೇಳಿಸಲಿ ಎಂದಿರಬೇಕು.

“ತಾತ, ಅರ್ಜಿ ಬರೆಯುವಾಗ ನನಗೆ ಗೊತ್ತಿತ್ತು.”

ತಾತ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟ.

“ರಾಯರು ಎರಡು ಸಲ ಹೇಳಿದ್ರು, ಸ್ಪೇನ್ ಸೇರೋದಿಲ್ಲ ಅಂತ. ನೀನು ವರ್ಷ ಪೂರ್ತಿ ನೀರು ಕೊಟ್ಟೋನು. ಆದ್ರೂ ಬರೆದೆ. ನಿನ್ನ ಕೈ ಹೋದದ್ದು ನನ್ನಿಂದ.”

ತಾತ ಮೊರದಲ್ಲಿ ಕಾಳನ್ನು ಆ ಕಡೆ ಈ ಕಡೆ ಮಾಡಿದ.

“ಮೊದಲನೇ ಪದ ತಂದ ದಿನ ರಾಯರು ನನ್ನನ್ನ ಕೇಳಿದ್ರು, ಹನ್ನೆರಡು ಮನೆಗೂ ಹಿಡಿಯುತ್ತಾ ಅಂತ,” ಎಂದ. “ನೀನು ಒಳಗೆ ಉಂಡೆ ಕರೀತಿದ್ದೆ. ಹಾಡ್ತಾ ಕರೀತಿದ್ದೆ. ಯಾವ ಮಾತಲ್ಲಿ ಹಾಡ್ತಿದ್ದೆ ಅಂತ ನನಗೆ ಕೇಳಿಸ್ತಿತ್ತು.”

ಜುರೇಮಕ್ಕ ತಿರುಗಿದಳು.

“ಹನ್ನೊಂದು ಮನೆಗೆ ಹಿಡಿದ್ರೂ ಸಾಕು, ನೀರು ಬರುತ್ತೆ ಅಂದುಕೊಂಡೆ. ಹಿಡಿಯಬಹುದು ಅಂದೆ. ಆ ಎರಡು ಕೊಡ ನಾನು ಒಳ್ಳೆಯೋನು ಅಂತ ತಂದದ್ದಲ್ಲ.”

ಸಾರು ಕುದಿದು ಅಂಚಿಗೆ ಬಂದಿತ್ತು. ಅವಳು ಅದನ್ನು ಇಳಿಸಲಿಲ್ಲ. ಬಹಳ ಹೊತ್ತಾದ ಮೇಲೆ ಮಣೆ ಎಳೆದುಕೊಂಡು ತಾತನೆದುರು ಕೂತಳು, ಅವನ ಮೊರಕ್ಕೆ ಬಗ್ಗಿ ನೋಡಿದಳು.

“ಎಷ್ಟೊಂದು ಕಲ್ಲು ಬಿಟ್ಟಿದ್ದೀಯ,” ಎಂದಳು.

“ಕಣ್ಣು ಕಾಣಲ್ಲ.”

ಅವಳು ಮೊರದ ಒಂದು ಅಂಚನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡಳು. ಇಬ್ಬರೂ ತಲೆ ಬಗ್ಗಿಸಿ ಒಂದೇ ಮೊರದಲ್ಲಿ ಆರಿಸತೊಡಗಿದರು. ನನ್ನ ತಟ್ಟೆಯಲ್ಲಿ ಸಾರು ಮುಗಿದು ಅನ್ನ ಉಳಿದಿತ್ತು. ಇನ್ನೊಂದು ಸೌಟು ಕೇಳಬಹುದಾಗಿತ್ತು. ಕೇಳಲಿಲ್ಲ, ಬರಿ ಅನ್ನವನ್ನೇ ಉಂಡು ಎದ್ದೆ.